ಮಾತ್ರೆಯನ್ನು ಗುಟ್ಟಾಗಿ ಸಾರಿಗೆ ಬೆರೆಸಬೇಡಿ

ಮಲ್ಪೆ ಸಮೀಪದ ಸಹೋದರಿಯೊಬ್ಬರ ಪತ್ರದ ಸಾರಾಂಶ: ಗಂಡ ಆಳಸಮುದ್ರ ಬೋಟಿಗೆ ಹೋಗುವವರು, ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಾರೆ. ಹಿಂದೊಮ್ಮೆ ಕಡಲಿಗಿಳಿದ ಎರಡನೇ ದಿನ ಫಿಟ್ಸ್ ಬಂದಿತ್ತು. ಜೂನ್‌ನಲ್ಲಿ ಬೋಟು ಮೇಲೆ ಬಂದಾಗ, ಕುಡಿತ ಬಿಡಿಸುವ ಮಾತ್ರೆಯನ್ನು ಅವರಿಗೆ ತಿಳಿಯದಂತೆ ಸಾರಿಗೆ ಬೆರೆಸಬಹುದೇ? ಅತ್ತೆ ಹತ್ತು ವರ್ಷದಿಂದ ನಿದ್ರೆ ಮಾತ್ರೆ ನುಂಗುತ್ತಿದ್ದಾರೆ, ಮಂಗಳೂರಿನ ಹಾಸ್ಟೆಲಿನಲ್ಲಿರುವ ಮೈದುನ ಗಾಂಜಾ ಸೇದುತ್ತಾನೆ. ಮೂವರಿಗೂ ಒಂದೇ ಚಿಕಿತ್ಸೆ ಸಾಕೇ?

ಸಹೋದರಿ, ಬೆರೆಸಬೇಡಿ. ನೀವು ಕೇಳಿರುವುದು ಡೈಸಲ್ಫಿರಾಮ್ ಇರಬೇಕು. ಅದು ಮೈಯಲ್ಲಿರುವಾಗ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಇದನ್ನು ಕೊಡಬೇಕಾದದ್ದು ವೈದ್ಯರ ಕಣ್ಣೆದುರು, ರೋಗಿಯ ಒಪ್ಪಿಗೆಯಿಂದ, ಕೊನೆಯ ಕುಡಿತದಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ. ಕೆಲವು ಕೆಮ್ಮಿನ ಸಿರಪ್, ಅರಿಷ್ಟಗಳಲ್ಲಿರುವ ಮದ್ಯವೂ ಪರಿಣಾಮ ಬೀರೀತು. ಇಷ್ಟನ್ನೆಲ್ಲ ತಿಳಿದು ಎಚ್ಚರ ವಹಿಸಬೇಕಾದವರಿಗೇ ವಿಷಯ ಗೊತ್ತಿಲ್ಲದಿದ್ದರೆ ಹೇಗೆ?

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಳವಳಗೊಳಿಸಿದ್ದು ಆ ಫಿಟ್ಸ್. ಎರಡು ಕ್ವಾರ್ಟರ್ ಎಂದರೆ 360 ಮಿಲಿ, ಅದರಲ್ಲಿ ಸುಮಾರು 120 ಗ್ರಾಂ ಶುದ್ಧ ಮದ್ಯ. ದಿನವೂ ಇಷ್ಟು ಕುಡಿಯುವವರು ಒಮ್ಮೆಲೇ ಬಿಟ್ಟರೆ ಮಿದುಳು ಹತೋಟಿ ತಪ್ಪುತ್ತದೆ. ಆರರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಕಾಣುವುದು, ಇಲ್ಲದವರೊಡನೆ ಮಾತು, ಜ್ವರ. ನಮ್ಮ ಊರುಗಳಲ್ಲಿ ಇದನ್ನು ಉಪದ್ರ, ಅಂದರೆ ದೈವದ ಕಾಟ, ಎಂದುಕೊಂಡು ದೈವದ ದರ್ಶನಕ್ಕೆ ಕಾಯುವವರಿದ್ದಾರೆ. ದೈವಕ್ಕೆ ಹರಕೆ ಹೇಳಿಕೊಳ್ಳಿ, ಆದರೆ ಆಸ್ಪತ್ರೆಯ ದಾರಿಯಲ್ಲೇ ಹೇಳಿಕೊಳ್ಳಿ. ಸನ್ನಿಗೆ ಚಿಕಿತ್ಸೆ ತಡವಾದರೆ ಸಾವು ಬರುವುದುಂಟು.

ಬೋಟಿನಲ್ಲಿ ಶೀಶೆ ಖಾಲಿಯಾದ ಲೆಕ್ಕಕ್ಕೇ ಎರಡನೇ ದಿನದ ಆ ಫಿಟ್ಸ್ ಸರಿಹೊಂದುತ್ತದೆ. ಒಮ್ಮೆ ಬಂದವರಿಗೆ ಮುಂದಿನ ಸಲ ಬಿಡುವಾಗ ಮತ್ತೆ ಬರುವ ಸಂಭವ ಹೆಚ್ಚು. ಹಾಗಾಗಿ ಮನೆಯಲ್ಲಿ ಹಠ ಹಿಡಿದು ಬಿಡಿಸುವುದು ಬೇಡ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳಿಗೆ ಆಸರೆಯಾಗಿವೆ. ನಿಮ್ಮ ಯಜಮಾನರು ಮಾತ್ರ ಮೊದಲು ಆಸ್ಪತ್ರೆಗೆ ಸೇರಿ, ಆಮೇಲೆ ಶಿಬಿರಕ್ಕೆ ಹೋಗಲಿ. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಮಣಿಪಾಲದ ಕೆಎಂಸಿ, ಮಂಗಳೂರಿನ ವೆನ್ಲಾಕ್, ಯಾವುದು ಹತ್ತಿರವೋ ಅಲ್ಲಿ ವಿಚಾರಿಸಿ. ಅಲ್ಲಿ ಮಿದುಳನ್ನು ಶಾಂತಗೊಳಿಸುವ ಲೋರಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡನ್ನು ಮೊದಲ ದಿನ ಹೆಚ್ಚು ಕೊಟ್ಟು, ಐದರಿಂದ ಏಳು ದಿನದಲ್ಲಿ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್. ಇದನ್ನು ಮರೆಯಬೇಡಿ: ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಥಯಾಮಿನ್ ಇಲ್ಲದೆ ಗ್ಲೂಕೋಸ್ ಬಾಟಲಿ ಮಾತ್ರ ಏರಿಸಿದರೆ, ಮೊದಲೇ ಬರಿದಾಗಿರುವ ಬಿ1 ಇನ್ನಷ್ಟು ಖರ್ಚಾಗಿ ಮಿದುಳಿಗೆ ಪೆಟ್ಟಾಗುವ ಅಪಾಯವಿದೆ. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಅಲುಗಾಡುವುದು, ಗೊಂದಲ ಅದರ ಗುರುತು. ಕೊನೆಗೆ ಕುಡಿದ ಗಂಟೆ, ಪ್ರಮಾಣ, ಫಿಟ್ಸ್ ಬಂದ ದಿನ, ಶುಗರ್ ಅಥವಾ ಲಿವರ್ ತೊಂದರೆ ಇದ್ದರೆ ಅದೂ, ಒಂದು ಚೀಟಿಯಲ್ಲಿ ಬರೆದು ಕೊಂಡೊಯ್ಯಿರಿ. ಸೇರಿಸುವ ಕೇಂದ್ರ ಯಾವುದೇ ಇರಲಿ, ಅದರ ನೋಂದಣಿ ಪತ್ರ ತೋರಿಸಲು ಕೇಳಿ. ರೋಗಿಗೆ ಸರಪಳಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಅತ್ತೆಯವರ ಮಾತ್ರೆಯನ್ನು ಕಸಿದುಕೊಳ್ಳಬೇಡಿ. ಆಲ್ಪ್ರಜೋಲಾಮ್‌ನಂಥದ್ದಾದರೆ ಒಮ್ಮೆಲೇ ನಿಲ್ಲಿಸಿದಾಗ ಅವರಿಗೂ ಫಿಟ್ಸ್ ಬರಬಹುದು. ವೈದ್ಯರು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾರೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ರಾತ್ರಿ ಬಚ್ಚಲಿನ ದಾರಿಗೆ ದೀಪ ಹಾಕಿಡಿ. ಈ ಮಾತ್ರೆಯ ಮಂಪರಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ವೃದ್ಧರು ಬಹಳ.

ಮೈದುನ ಗಾಂಜಾ ಸೇದುವುದನ್ನು ನಿಲ್ಲಿಸಿದರೆ ಜೀವಕ್ಕೆ ಅಪಾಯವಿಲ್ಲ. ಮೊದಲ ವಾರ ಸಿಡುಕು, ನಿದ್ರೆಗೇಡು, ಊಟ ಸೇರದಿರುವುದು ಜೋರಾಗಿರುತ್ತದೆ. ಅದಕ್ಕೆಂದೇ ಮದ್ದಿಲ್ಲ, ಆಪ್ತಸಮಾಲೋಚನೆಯೇ ಮುಖ್ಯ. ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎನ್ನತೊಡಗಿದರೆ ಮಾತ್ರ ಮನೋವೈದ್ಯರಿಗೆ ತಡಮಾಡದೆ ತೋರಿಸಿ. ಪೊಲೀಸ್ ಭಯದಿಂದ ಹುಡುಗರು ಬಾಯಿ ಬಿಡುವುದಿಲ್ಲ. ಚಟಕ್ಕೆ ಬಿದ್ದವನು ತಾನಾಗಿ ಸರಕಾರಿ ಅಥವಾ ಸರಕಾರದ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಇದನ್ನು ಅವನಿಗೆ ತಿಳಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅವನೇ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ತನಕ ನಿಮಗೆ 61 ದಿನ ಸಿಗುತ್ತದೆ. ಕೆಲಸವಿಲ್ಲದ ಆ ಮಳೆಗಾಲದಲ್ಲೇ ಕುಡಿತ ಏರುವುದೂ ಉಂಟು, ಆದ್ದರಿಂದ ಮೊದಲ ವಾರದಲ್ಲೇ ದಾಖಲಿಸಿ. ಉಳಿದ ದಿನಗಳು ಸಮಾಲೋಚನೆಗೆ ಬೇಕು. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನನ್ನು ಲಿವರ್ ಪರೀಕ್ಷೆ ನೋಡಿ ಬರೆಯಬಹುದು, ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಆಗಸ್ಟ್‌ನಲ್ಲಿ ಬೋಟು ಇಳಿಯುವಾಗ ಹನ್ನೆರಡು ದಿನದ ಪ್ರಯಾಣಕ್ಕೆ ಹದಿನೈದು ಮಾತ್ರೆ ನೀರು ತಾಗದ ಡಬ್ಬಿಯಲ್ಲಿ ಕಟ್ಟಿಕೊಡಿ. ಅವರ ಒಪ್ಪಿಗೆ ಪಡೆದು ಬೋಟು ನಡೆಸುವ ತಂಡೇಲರಿಗೂ ಹೇಳಿರಿ: ಫಿಟ್ಸ್ ಬಂದರೆ ಬಲೆ, ಕಬ್ಬಿಣದಿಂದ ದೂರ ಸರಿಸಿ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬಾರದು, ಕೈಗೆ ಬೀಗದ ಕೈ ಕೊಡುತ್ತ ಹೊತ್ತು ಕಳೆಯಬಾರದು. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಅಥವಾ ಮತ್ತೆ ಬಂದರೆ ಬೋಟಿನ ವೈರ್‌ಲೆಸ್ (ವಿಎಚ್‌ಎಫ್) 16ನೇ ಚಾನೆಲ್‌ನಲ್ಲಿ ಕೋಸ್ಟ್ ಗಾರ್ಡ್‌ಗೆ ತಿಳಿಸಿ ದಡಕ್ಕೆ ತಿರುಗಲಿ; ಮೊಬೈಲ್ ಸಿಗ್ನಲ್ ಇರುವಲ್ಲಿ ಸಂಖ್ಯೆ 1554.