ಓದುಗರ ಪ್ರಶ್ನೆ: ವಿಭಜನೆ ನಿಲ್ಲದೆ ಸ್ನಾಯು ಇಲ್ಲ

ಪ್ರಶ್ನೆ: ದೇಹದ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಿದ್ದ ಮೇಲೆ ಒಂದು ಕೋಶ ಚರ್ಮವಾಗದೆ ಸ್ನಾಯುವೇ ಆಗಬೇಕೆಂದು ನಿರ್ಧರಿಸುವವರು ಯಾರು? ಇದನ್ನು ಪ್ಲಸ್ ಟು ಮಕ್ಕಳಿಗೆ ಕಣ್ಣಾರೆ ತೋರಿಸಲು ದಾರಿಯಿದೆಯೇ?
— ಜೀವಶಾಸ್ತ್ರ ಅಧ್ಯಾಪಕಿ, ಬದಿಯಡ್ಕ

ಉತ್ತರ: ಮೊದಲ ಸೂಚನೆ ಬರುವುದು ಅಕ್ಕಪಕ್ಕದಿಂದ. ಭ್ರೂಣದ ಬೆನ್ನಿನ ಉದ್ದಕ್ಕೂ ಎರಡೂ ಬದಿ ಸಾಲಾಗಿ ಸೋಮೈಟ್ ಎಂಬ ಸಣ್ಣ ಗಂಟುಗಳು ಮೂಡುತ್ತವೆ. ನರನಾಳ ಮತ್ತು ಅದರಡಿಯ ದಂಡದಂಥ ನೋಟೋಕಾರ್ಡ್ ಸ್ರವಿಸುವ ವಿಂಟ್, ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನುಗಳು ತಾಗಿದಾಗ ಅಲ್ಲಿನ ಕೆಲವು ಕೋಶಗಳಲ್ಲಿ ಮಿಫ್-5, ಮಯೋ-ಡಿ ಜೀನುಗಳು ಎಚ್ಚರಗೊಳ್ಳುತ್ತವೆ. ಮಯೋ-ಡಿಯ ಶಕ್ತಿ ಎಷ್ಟೆಂಬುದು 1987ರಲ್ಲಿ ತಿಳಿಯಿತು. ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಸಂಗಡಿಗರು ಇಲಿಯ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳಿಗೆ ಈ ಒಂದೇ ಜೀನನ್ನು ಸೇರಿಸಿದಾಗ ಅವು ಸ್ನಾಯುಕೋಶಗಳಾದವು.

ಮಯೋ-ಡಿ ಒಂಟಿಯಾಗಿ ದುಡಿಯುವುದಿಲ್ಲ. ಇ-ಪ್ರೋಟೀನೊಂದರ ಜೊತೆಗೂಡಿ ಡಿಎನ್‌ಎಯ ಆರಕ್ಷರದ ಒಂದು ಜಾಗಕ್ಕೆ ಅಂಟುತ್ತದೆ: ಸಿ, ಎ, ನಡುವೆ ಯಾವುದಾದರೂ ಎರಡು, ಬಳಿಕ ಟಿ, ಜಿ. ಮಕ್ಕಳು ಇಲ್ಲೇ ಎಡವುವುದು: ಮಯೋ-ಡಿ ಇದ್ದ ಮಾತ್ರಕ್ಕೆ ಕೋಶ ಸ್ನಾಯುವಾಗುವುದಿಲ್ಲ. ಸುತ್ತ ಬೆಳವಣಿಗೆಯ ಅಂಶಗಳು ತುಂಬಿರುವಷ್ಟು ಕಾಲ ಐಡಿ ಎಂಬ ಪ್ರೋಟೀನು ಇ-ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತದೆ. ಮಯೋ-ಡಿಗೆ ಜೊತೆಗಾರನೇ ಸಿಗುವುದಿಲ್ಲ. ಕೋಶ ವಿಭಜಿಸುತ್ತಲೇ ಇರುತ್ತದೆ. ಆ ಅಂಶಗಳು ಇಳಿದಾಗ ಐಡಿ ಕರಗುತ್ತದೆ, ಪಿ21 ಎಂಬ ಪ್ರೋಟೀನು ಏರಿ ವಿಭಜನೆಯನ್ನು ನಿಲ್ಲಿಸುತ್ತದೆ, ಸ್ನಾಯುವಿನ ಜೀನುಗಳನ್ನು ಎಚ್ಚರಿಸುವ ಮಯೋಜೆನಿನ್ ಮತ್ತು ಮೆಫ್-2 ಬರುತ್ತವೆ, ಅವುಗಳ ಹಿಂದೆಯೇ ಸ್ನಾಯುವನ್ನು ಸೆಳೆಯುವ ಪ್ರೋಟೀನು ಮಯೋಸಿನ್. ಮಯೋ-ಡಿ ಇಲ್ಲದ ಇಲಿ ಬದುಕುತ್ತದೆ, ಮಿಫ್-5 ಅದರ ಕೊರತೆ ತುಂಬುತ್ತದೆ. ಮಯೋಜೆನಿನ್ ಇಲ್ಲದ ಇಲಿಮರಿಯಲ್ಲಿ ಮಯೋಬ್ಲಾಸ್ಟ್‌ಗಳು (ಸ್ನಾಯುವಾಗಲಿರುವ ಕೋಶಗಳು) ಇದ್ದೂ ಸ್ನಾಯುವಿನ ಎಳೆಗಳು ಸರಿಯಾಗಿ ಕೂಡಿಬರುವುದಿಲ್ಲ, ಹುಟ್ಟಿದೊಡನೆ ಸಾಯುತ್ತದೆ.

ತೋರಿಸಲು ಕೋಳಿಮೊಟ್ಟೆಯೇ ಸಾಕು. ಆದರೆ ಅಂಗಡಿಯ ಫಾರ್ಮ್ ಮೊಟ್ಟೆ ಬೇಡ, ಹುಂಜದೊಡನೆ ಇರುವ ಹೇಂಟೆಯದು ಬೇಕು. 37.5ರಿಂದ 38 ಡಿಗ್ರಿಯಲ್ಲಿ ಅಡ್ಡಲಾಗಿ ಇಡಿ. ಮೊದಲ ಸೋಮೈಟ್ ಸುಮಾರು 24 ಗಂಟೆಗೆ ಮೂಡುತ್ತದೆ, ಅಲ್ಲಿಂದ ಅಂದಾಜು 90 ನಿಮಿಷಕ್ಕೊಂದು ಜೋಡಿ. 33ರಿಂದ 38 ಗಂಟೆಗೆ ಹತ್ತು ಜೋಡಿ ಎಣಿಸಬಹುದು. ಮೊಂಡು ತುದಿಯಲ್ಲಿ ಸಿರಿಂಜು ಚುಚ್ಚಿ ಎರಡು ಮೂರು ಎಂಎಲ್ ಬಿಳಿಲೋಳೆ ತೆಗೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಮೇಲೆ ಮೇಲ್ಭಾಗದಲ್ಲಿ ಕಿಟಕಿ ಕತ್ತರಿಸಿ. ಒಂದು ಎಚ್ಚರಿಕೆ: ಏಪ್ರಿಲ್‌ನ ಸೆಕೆಯಲ್ಲಿ ಹೊರಗಿಟ್ಟ ಮೊಟ್ಟೆ ಕಾವಿಲ್ಲದೆಯೇ ಅರೆಬರೆ ಬೆಳೆಯತೊಡಗುತ್ತದೆ, ಎಣಿಕೆ ತಪ್ಪುತ್ತದೆ. ಕಾವಿಗಿಡುವವರೆಗೆ 15ರಿಂದ 18 ಡಿಗ್ರಿಯ ತಂಪಿನಲ್ಲಿಡಿ.

ಪ್ರಶ್ನೆ: ನನ್ನ ಸಿ2ಸಿ12 ಕೋಶಗಳು (ಲ್ಯಾಬಿನಲ್ಲಿ ಸಾಕುವ ಇಲಿಯ ಮಯೋಬ್ಲಾಸ್ಟ್‌ಗಳು) 2 ಶೇಕಡ ಕುದುರೆ ಸೀರಮ್‌ನಲ್ಲಿ ಐದು ದಿನ ಇದ್ದರೂ ಮಯೋಟ್ಯೂಬ್ (ಕೋಶಗಳು ಬೆಸೆದು ಆಗುವ ಸ್ನಾಯುನಳಿಕೆ) ಆಗುತ್ತಿಲ್ಲ. ಮೊದಲು ಚೆನ್ನಾಗಿ ಆಗುತ್ತಿದ್ದವು.
— ಎಂ.ಎಸ್ಸಿ. ವಿದ್ಯಾರ್ಥಿ, ಕಾಸರಗೋಡು

ಉತ್ತರ: ‘ಮೊದಲು ಆಗುತ್ತಿದ್ದವು’ ಎಂದಿದ್ದೀರಿ; ದೋಷ ಬಹುಶಃ ಸ್ನಾಯುವಾಗಿಸುವ ಡಿಫರೆನ್ಶಿಯೇಶನ್ ಮೀಡಿಯಂನಲ್ಲಿಲ್ಲ, ನೀವು ಸಾಕುತ್ತಿರುವ ಫ್ಲಾಸ್ಕಿನಲ್ಲಿದೆ. ಆ ಫ್ಲಾಸ್ಕ್ ಒಮ್ಮೆ ಪೂರ್ತಿ ತುಂಬಿದರೂ ಸಾಕು, ಬೆಸೆಯುವ ಗುಣ ಚೆನ್ನಾಗಿರುವ ಕೋಶಗಳು ಅಲ್ಲೇ ವಿಭಜನೆ ಬಿಟ್ಟು ಸ್ನಾಯುವಾಗಿಬಿಡುತ್ತವೆ. ಮುಂದಿನ ಪ್ಯಾಸೇಜಿಗೆ (ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕುವ ಸುತ್ತಿಗೆ) ಉಳಿಯುವವು ಬೆಸೆಯಲೊಲ್ಲದವು. ನಾಲ್ಕಾರು ಸಲ ಹೀಗಾದರೆ ನಿಮ್ಮ ಕೈಯಲ್ಲಿರುವುದು ಹೆಸರಿಗಷ್ಟೇ ಸಿ2ಸಿ12. ಅಂಥ ಫ್ಲಾಸ್ಕನ್ನು ಉಳಿಸಿಕೊಳ್ಳಲು ಒದ್ದಾಡಬೇಡಿ. ಕಡಿಮೆ ಪ್ಯಾಸೇಜಿನ ವಯಲ್ ತೆಗೆದು ಹೊಸದಾಗಿ ಆರಂಭಿಸಿ, 60–70 ಶೇಕಡ ತುಂಬುವಷ್ಟರಲ್ಲಿ ಬಿಡಿಸಿ, ಹದಿನೈದನೇ ಪ್ಯಾಸೇಜಿನ ಆಚೆಗೆ ನಂಬಬೇಡಿ.

ಪ್ರಯೋಗದ ಪ್ಲೇಟಿಗೆ ಇದರ ವಿರುದ್ಧ ಲೆಕ್ಕ. ಅಲ್ಲಿ ಕೋಶಗಳು 90 ಶೇಕಡ ಮೀರಿ ಒತ್ತಾಗಿರಬೇಕು, ಮೈಗೆ ಮೈ ತಾಗದೆ ಬೆಸುಗೆ ಇಲ್ಲ. ಮೀಡಿಯಂ ಬದಲಿಸುವ ಮುನ್ನ ಪಿಬಿಎಸ್ ಎಂಬ ಉಪ್ಪುದ್ರಾವಣದಲ್ಲಿ ಎರಡು ಸಲ ತೊಳೆಯಿರಿ. ಅಡಿಯಲ್ಲಿ ಉಳಿದ, ಬೆಳೆಸುವ ಮೀಡಿಯಂನ ಕರುಸೀರಮ್ ಐಡಿಯನ್ನು ಮತ್ತೆ ಎಬ್ಬಿಸುತ್ತದೆ.

ಆಮೇಲೂ ಆಗದಿದ್ದರೆ ಎಲ್ಲಿ ಕಟ್ಟಿದೆ ಎಂದು ಹುಡುಕಿ. 24ರಿಂದ 48 ಗಂಟೆಯೊಳಗೆ ಕೋಶಕೇಂದ್ರದಲ್ಲಿ ಮಯೋಜೆನಿನ್ ಕಾಣದಿದ್ದರೆ ಕೋಶ ವಿಭಜನೆಯನ್ನೇ ಬಿಟ್ಟಿಲ್ಲ: ಸೀರಮ್, ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಸೋಂಕು, ಹಳೆಯ ಪ್ಯಾಸೇಜು ನೋಡಿ. ಮಯೋಜೆನಿನ್ ಇದ್ದು, ಮಯೋಸಿನ್ ಬಂದೂ ಕೋಶಗಳು ಒಂಟಿ ಕೇಂದ್ರದವೇ ಆಗಿ ಉಳಿದರೆ ತೊಂದರೆ ಬೆಸುಗೆಯದು. ಬೆಸುಗೆಗೆ ಮಯೋಮೇಕರ್, ಮಯೋಮರ್ಜರ್ ಎಂಬ ಪೊರೆಯ ಪ್ರೋಟೀನುಗಳ ಜೊತೆಗೆ ಕ್ಯಾಲ್ಸಿಯಂ ಮತ್ತು ಒತ್ತು ಎರಡೂ ಬೇಕು. ಆರೇಳನೇ ದಿನ ಟ್ಯೂಬುಗಳು ಸೆಳೆದು ಕಿತ್ತುಬಂದರೆ ಅದು ಸೋಲಲ್ಲ; ಪ್ಲೇಟಿಗೆ ಮೊದಲೇ 0.1 ಶೇಕಡ ಜೆಲಾಟಿನ್ ಬಳಿಯಿರಿ, ಮೀಡಿಯಂ ಅನ್ನು ಗೋಡೆಗುಂಟ ಇಳಿಸಿ.

ಪ್ರಶ್ನೆ: ಅಡಕೆ ಮರ ಹತ್ತುವವರ ತೊಡೆ, ತೋಳು ಗಟ್ಟಿಯಾಗುವುದು ಹೊಸ ಸ್ನಾಯುಕೋಶ ಹುಟ್ಟಿಯೇ? ಕೊಯ್ಲು ಶುರುವಾದ ಎರಡನೇ ದಿನ ನೋವು ಹೆಚ್ಚೇಕೆ?
— ಕೃಷಿಕರು, ಪೆರ್ಲ

ಉತ್ತರ: ಎಳೆಗಳ ಸಂಖ್ಯೆ ಹುಟ್ಟುವ ಹೊತ್ತಿಗೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಬೆಳೆದ ಸ್ನಾಯು ವಿಭಜಿಸುವುದಿಲ್ಲ, ಒಳಗೆ ತಂತುಗಳು ಹೆಚ್ಚಿ ಎಳೆ ದಪ್ಪವಾಗುತ್ತದೆ. ಆದರೆ ಎಳೆಯ ಪೊರೆಗೆ ಅಂಟಿಕೊಂಡು ಸೆಟಲೈಟ್ ಕೋಶಗಳು ಮಲಗಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಇವನ್ನು ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದರು. ಎಳೆಗೆ ಪೆಟ್ಟಾದಾಗ ಅವು ಎದ್ದು ವಿಭಜಿಸುತ್ತವೆ, ಮಯೋ-ಡಿ ಹೊತ್ತಿಸಿ ಎಳೆಗೆ ಬೆಸೆಯುತ್ತವೆ. ಕೆಲವು ಮಾತ್ರ ಪ್ಯಾಕ್ಸ್-7 ಎಂಬ ಪ್ರೋಟೀನನ್ನು ಉಳಿಸಿಕೊಂಡು ಮರಳಿ ಮಲಗುತ್ತವೆ, ಮುಂದಿನ ಗಾಯಕ್ಕೆಂದು.

ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ, ಅದು ಒಂದೆರಡು ಗಂಟೆಯಲ್ಲೇ ತೊಳೆದುಹೋಗುತ್ತದೆ. ಮೈಭಾರ ತಡೆಯುತ್ತ ಮರ ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಬಿಗಿಯುತ್ತದೆ. ಎಳೆ ಹರಿಯುವುದು ಆಗ. ಅದರ ಊತ ಒಂದೆರಡು ದಿನ ಕಳೆದು ಏರುತ್ತದೆ. ಮೊದಲ ದಿನ ಕಡಿಮೆ ಮರ ಹತ್ತಿದರೆ ಮುಂದಿನ ವಾರಗಳಲ್ಲಿ ಅದೇ ಕೆಲಸಕ್ಕೆ ನೋವು ಕಡಿಮೆ. ಮೂತ್ರ ಮಾತ್ರ ಕಣ್ಣ ಚಾಯದ (ಹಾಲಿಲ್ಲದ ಚಹಾದ) ಬಣ್ಣಕ್ಕೆ ತಿರುಗಿದರೆ ಒಡೆದ ಎಳೆಯ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡಕ್ಕೆ ಇಳಿದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.