ಮಿಲ್ಕ್ ಬ್ರೆಡ್ ಮರುದಿನಕ್ಕೇ ಒಣಗುತ್ತಿದ್ದರೆ

ಕೋಲಾರದ ಸೆಕೆಗೆ ಜಪಾನಿ ಮಿಲ್ಕ್ ಬ್ರೆಡ್ ಚೆನ್ನಾಗಿ ಉಬ್ಬುತ್ತೆ, ಆದರೆ ಮರುದಿನಕ್ಕೇ ಒಣಗುತ್ತೆ ಅಂದಿದ್ದೀರಿ. ಮೇಡಂ, ನಿಮ್ಮ ಅಳತೆಯಲ್ಲಿ ಹಿಟ್ಟಿನ ಗಂಜಿಯೇ ಇಲ್ಲ. 300 ಗ್ರಾಂ ಮೈದಾದಲ್ಲಿ 20 ಗ್ರಾಂ ತೆಗೆದು 100 ಮಿಲಿ ಹಾಲಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸಿ. ಸೌಟು ಎಳೆದ ಗೆರೆ ಹಾಗೇ ನಿಂತರೆ ಸಾಕು, ಸುಮಾರು 65 ಡಿಗ್ರಿ. ಬೆಂದ ಪಿಷ್ಟ ನೀರು ಹಿಡಿದಿಡುತ್ತೆ.

ಆರಿದ ಮೇಲೆ ಉಳಿದ ಮೈದಾ, 80 ಮಿಲಿ ತಣ್ಣನೆ ಹಾಲು, 1 ಮೊಟ್ಟೆ, 35 ಗ್ರಾಂ ಸಕ್ಕರೆ, ಇನ್‌ಸ್ಟಂಟ್ ಯೀಸ್ಟ್, ಉಪ್ಪು ತಲಾ 5 ಗ್ರಾಂ ಸೇರಿಸಿ ನಾದಿ. 35 ಗ್ರಾಂ ಬೆಣ್ಣೆ 10 ನಿಮಿಷ ನಾದಿದ ಮೇಲೆಯೇ. ಅಂಟುತ್ತೆ ಅಂತ ಮೈದಾ ಉದುರಿಸಬೇಡಿ, ದಯವಿಟ್ಟು! ಎಳೆದರೆ ಹರಿಯದೆ ತೆಳು ಪೊರೆಯಾಗಬೇಕು. ಆಮೇಲೆ ಉಬ್ಬಲು ಬಿಡಿ; ಸೆಕೆಯಲ್ಲಿ ಗಡಿಯಾರ ನೋಡಬೇಡಿ, ಹಿಟ್ಟು ಎರಡರಷ್ಟಾದ ಕೂಡಲೇ ಟಿನ್ನಿಗೆ ಹಾಕಿ. ಮತ್ತೆ ಉಬ್ಬಿದ ಮೇಲೆ 180 ಡಿಗ್ರಿಯಲ್ಲಿ 30 ನಿಮಿಷ.