ಮೂರು ಜಿಲ್ಲೆಗೆ ಒಂದೇ ವೀಕ್ಷಣಾಲಯ: ಗೋಡೆಗಿಂತ ಮೊದಲು ಗಾಡಿ ನೋಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸಮಾಜ ಕಾರ್ಯಕರ್ತ. ಕೇಸಿನಲ್ಲಿ ಸಿಕ್ಕ ಹುಡುಗರನ್ನು ಪಕ್ಕದ ಜಿಲ್ಲೆಯ ವೀಕ್ಷಣಾಲಯಕ್ಕೆ (ವಿಚಾರಣೆ ನಡೆಯುವಾಗ ಮಕ್ಕಳನ್ನು ಇಡುವ ಜಾಗ) ಕಳಿಸಿದಾಗ ತಂದೆ-ತಾಯಿ ಪರದಾಡುತ್ತಾರೆ. ನಮ್ಮ ಜಿಲ್ಲೆಗೇ ಬೇರೆ ಕಟ್ಟಡ ಬೇಕು ಅಂತ ಕೇಳೋಣವೇ? ಇರುವುದನ್ನೇ ಸುಧಾರಿಸುವುದಾದರೆ ಯಾವುದು ಮೊದಲು? ದಾನಿಗಳು ಕ್ಯಾಮೆರಾ ಕೊಡಿಸಲು, ಗೋಡೆ ಎತ್ತರಿಸಲು ಸಿದ್ಧರಿದ್ದಾರೆ.

ಉತ್ತರ: ಬೇರೆ ಕಟ್ಟಡಕ್ಕೆ ಅವಸರ ಬೇಡ. ಜಿಲ್ಲೆಗೊಂದು ವೀಕ್ಷಣಾಲಯ ಇರಬಹುದು, ಕೆಲವು ಜಿಲ್ಲೆಗಳಿಗೆ ಸೇರಿ ಒಂದೂ ಇರಬಹುದು ಎಂದು 2015ರ ಬಾಲ ನ್ಯಾಯ ಕಾಯ್ದೆಯ 47ನೇ ಕಲಂ ಹೇಳುತ್ತದೆ. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಅಲ್ವಾ? ಕೆಲವೇ ಹುಡುಗರಿಗಾಗಿ ಧಾರವಾಡ, ಗದಗ, ಹಾವೇರಿ ಹೀಗೆ ಮೂರು ಕಡೆ ಕಟ್ಟಡ ಎದ್ದರೆ ಒಳ್ಳೆಯ ಆಪ್ತಸಮಾಲೋಚಕರು, ಶಿಕ್ಷಕರು ಎಲ್ಲೂ ಪೂರ್ತಿ ಸಿಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಹತ್ತಿರವಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಮನೋವೈದ್ಯರ ನೆರವನ್ನಾದರೂ ಕೇಳಬಹುದು. ಚಟಕ್ಕೆ ಬಿದ್ದ ಹುಡುಗರಿಗೆ ಇದು ತುಂಬಾ ಮುಖ್ಯ.

ಜಂಟಿ ವ್ಯವಸ್ಥೆ ಸೋಲುವುದು ಕಟ್ಟಡದಲ್ಲಲ್ಲ, ದಾರಿಯಲ್ಲಿ. ಹುಡುಗ ಇರುವುದು ಒಂದು ಊರಲ್ಲಿ, ಅವನ ಕೇಸು ಇನ್ನೊಂದು ಜಿಲ್ಲೆಯ ಬಾಲ ನ್ಯಾಯ ಮಂಡಳಿಯಲ್ಲಿ. ಪ್ರತಿ ತಾರೀಖಿಗೂ ಓಡಾಟ. ಗಾಡಿ ಇಲ್ಲ, ಜೊತೆಗೆ ಹೋಗುವವರಿಲ್ಲ ಅಂದರೆ ತಾರೀಖು ಮುಂದೆ ಹೋಗುತ್ತದೆ. ನಾಲ್ಕು ತಿಂಗಳಲ್ಲಿ ಮುಗಿಯಬೇಕಾದ ವಿಚಾರಣೆ ಎಳೆಯುತ್ತಾ ಹೋಗುತ್ತದೆ. ಕೆಲವೆಡೆ ವೀಕ್ಷಣಾಲಯದಲ್ಲಿ ಹುಡುಗರನ್ನು ನೋಡಿಕೊಳ್ಳುವ ಸಿಬ್ಬಂದಿಯನ್ನೇ ಜೊತೆಗೆ ಕಳಿಸುತ್ತಾರೆ. ಅವತ್ತು ಸಂಜೆ ಉಳಿದ ಹುಡುಗರನ್ನು ನೋಡಿಕೊಳ್ಳುವವರು ಯಾರು?

ಹಾಗಾಗಿ ದಾನಿಗಳಿಗೆ ಗಾಡಿ ಕೊಡಿಸಲು ಹೇಳಿ. ಡ್ರೈವರ್ ಮತ್ತು ಡೀಸೆಲ್ ಯಾರ ಲೆಕ್ಕಕ್ಕೆ ಎಂಬುದನ್ನು ಮೂರೂ ಜಿಲ್ಲೆಗಳ ಮಕ್ಕಳ ರಕ್ಷಣಾ ಘಟಕಗಳು ಮೊದಲೇ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಗಾಡಿ ಶೆಡ್ಡಿನಲ್ಲೇ ನಿಲ್ಲುತ್ತದೆ. ಜೊತೆಗೆ ಹೋಗುವವರು ಯೂನಿಫಾರ್ಮ್ ಹಾಕುವಂತಿಲ್ಲ, ಹುಡುಗನಿಗೆ ಕೈಕೋಳವಂತೂ ಇಲ್ಲವೇ ಇಲ್ಲ. ಸುಮ್ನೆ ತಾರೀಖು ಬದಲಾಗುವ ದಿನಗಳಿಗೆ ವಿಡಿಯೊ ಸಂಪರ್ಕ ಸಾಕೇ ಎಂದು ಮಂಡಳಿಯನ್ನು ಕೇಳಬಹುದು. ಆದರೆ ಹಿಡಿದ 24 ಗಂಟೆಯೊಳಗಿನ ಮೊದಲ ಹಾಜರಿ ಎದುರೆದುರೇ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಮೈಮೇಲಿನ ಪೆಟ್ಟು ಪರದೆಯಲ್ಲಿ ಕಾಣುವುದಿಲ್ಲ.

ತಂದೆ-ತಾಯಿಯ ವಿಷಯಕ್ಕೆ ಬರೋಣ. ಹಿರೇಕೆರೂರು ಕಡೆಯಿಂದ ಹುಬ್ಬಳ್ಳಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಭೇಟಿಯನ್ನು ಭಾನುವಾರವೂ ಇಡಲು ಅಧೀಕ್ಷಕರನ್ನು ಒಪ್ಪಿಸಿ. ಬರಲಾಗದವರಿಗೆ ವಿಡಿಯೊ ಕರೆ ಇರಲಿ. ಮನೆ ಸ್ಥಿತಿಯ ವರದಿಯನ್ನು ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) 15 ದಿನದಲ್ಲಿ ಮಂಡಳಿಗೆ ಕೊಡಬೇಕು. ಅದಕ್ಕೆ ಹುಡುಗನ ಊರಿಗೇ ಹೋಗಬೇಕು, ಫೋನಿನಲ್ಲಿ ಕೇಳಿ ಬರೆಯುವ ಕೆಲಸ ಅಲ್ಲ ಅದು.

ಕ್ಯಾಮೆರಾ ಆಮೇಲೆ. ಮೊದಲು ಟಾಯ್ಲೆಟ್ ಎಣಿಸಿ. ಕೇಂದ್ರದ 2016ರ ಮಾದರಿ ನಿಯಮದ ಪ್ರಕಾರ 7 ಮಕ್ಕಳಿಗೆ ಒಂದು ಶೌಚಾಲಯ, 10 ಮಕ್ಕಳಿಗೆ ಒಂದು ಬಚ್ಚಲು ಬೇಕು. ವಯಸ್ಸಿನ ಪ್ರಕಾರ ಮಕ್ಕಳನ್ನು ಬೇರೆ ಬೇರೆ ಇಡಬೇಕು. ಸೈಕಲ್ ಕದ್ದ ಹನ್ನೆರಡರ ಹುಡುಗನನ್ನು ಹದಿನೇಳರವನ ಪಕ್ಕ ಮಲಗಿಸಿದರೆ ಯಾವ ಎತ್ತರದ ಗೋಡೆಯೂ ಅವನನ್ನು ಕಾಯುವುದಿಲ್ಲ.

ತರಬೇತಿ ಬಗ್ಗೆ ಒಂದು ಮಾತು. ವೀಕ್ಷಣಾಲಯ ಶಿಕ್ಷೆಯ ಜಾಗ ಅಲ್ಲ. ಇಲ್ಲಿರುವವರ ವಿಚಾರಣೆ ಇನ್ನೂ ನಡೆಯುತ್ತಿರುತ್ತದೆ, ಜಾಮೀನು ಸಿಕ್ಕ ದಿನ ಹೊರಟುಬಿಡುತ್ತಾರೆ. ಆರು ತಿಂಗಳ ಕೋರ್ಸು ಇಟ್ಟು ಫೋಟೊ ತೆಗೆಸಿದರೆ ಏನೂ ಉಪಯೋಗವಿಲ್ಲ. ವೈರಿಂಗ್, ಮೊಬೈಲ್ ರಿಪೇರಿಯಂಥ ಕೆಲಸವನ್ನು ಹತ್ತು-ಹದಿನೈದು ದಿನದ ತುಂಡುಗಳಾಗಿ ಕಲಿಸಲಿ. ಉಳಿದದ್ದನ್ನು ಅವನ ತಾಲ್ಲೂಕಿನಲ್ಲೇ ಮುಂದುವರಿಸುವ ಹೊಣೆ ಕಳಿಸಿದ ಜಿಲ್ಲೆಯದು.

ಜಿಲ್ಲಾ ತಪಾಸಣಾ ಸಮಿತಿಯ ತಂಡ ಕನಿಷ್ಠ ಮೂರು ತಿಂಗಳಿಗೊಮ್ಮೆ ಭೇಟಿ ಕೊಡಬೇಕು. ತಂಡದಲ್ಲಿ ಕನಿಷ್ಠ ಮೂವರು, ಅದರಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಬೇಕು. ಆ ದಿನ ಹಾವೇರಿ, ಗದಗದಿಂದಲೂ ಒಬ್ಬೊಬ್ಬರನ್ನು ಕರೆಯಲು ಕೇಳಿ.

ಪ್ರಶ್ನೆ: ಕೇಸಿನಲ್ಲಿ ಸಿಕ್ಕ ನಮ್ಮ ಅಕ್ಕನ ಮಗನ ಹೆಸರು, ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದಾರೆ. ಏನು ಮಾಡಬಹುದು? (ರೋಣ ತಾಲ್ಲೂಕು)

ಉತ್ತರ: ಅದು ಅಪರಾಧ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ದೂರು ಕೊಡಿ. ಗುಂಪಿನಲ್ಲಿ ಜಗಳಕ್ಕೆ ಇಳಿಯಬೇಡಿ, ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ.